ಕುತ್ತಿಗೆ, ಭುಜದ ಸ್ನಾಯು ನೋವು: ಆಪರೇಷನ್ ಇಲ್ಲದೆ ಹಗುರ ಮಾಡಿಕೊಳ್ಳುವ ದಾರಿ

ಕುತ್ತಿಗೆ ನೋವು ಇರುವವರು ನೋವಿನ ಜೊತೆಗೆ ಇನ್ನೊಂದು ಭಾರವನ್ನೂ ಹೊತ್ತುಕೊಂಡು ಓಡಾಡುತ್ತಾರೆ. ‘ಡಾಕ್ಟರು ಆಪರೇಷನ್ ಅಂದುಬಿಟ್ಟರೆ?’ ಅನ್ನುವ ಭಯ ಅದು. ಅದಕ್ಕೇ ಎಷ್ಟೋ ಜನ ತಿಂಗಳುಗಟ್ಟಲೆ ಯಾರಿಗೂ ತೋರಿಸದೆ ಸುಮ್ನೆ ಇದ್ದುಬಿಡುತ್ತಾರೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಸ್ನಾಯು ಬಿಗಿದು ಬರುವ ನೋವಿಗೆ ಆಪರೇಷನ್ ಮಾಡುವುದಿಲ್ಲ. ಕೊಯ್ದು ಸರಿಮಾಡುವಂಥದ್ದು ಅಲ್ಲಿ ಏನೂ ಇರುವುದಿಲ್ಲ. ನರವೋ ಬೆನ್ನುಹುರಿಯೋ ಒತ್ತಿಹೋಗಿ ಕೈಯ ಬಲ ಕುಂದುತ್ತಿದ್ದರೆ, ಭುಜದ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಹರಿದಿದ್ದರೆ ಆ ಮಾತು ಬರಬಹುದು. ಅದು ಬೇರೆ ವಿಷಯ. ಅದನ್ನು ಗುರುತಿಸುವುದು ಹೇಗೆ ಅಂತಲೂ ಮುಂದೆ ಬರೆದಿದ್ದೇನೆ.

ನನ್ನ ಬಲ ಹೆಗಲ ಮೂಳೆಯ ಮೇಲ್ತುದಿಯಲ್ಲಿ ಎರಡು ವರ್ಷ ಒಂದು ಗಂಟು ಕೂತಿತ್ತು. ಒತ್ತಿದರೆ ಹಾಯೆನಿಸುತ್ತಿತ್ತು, ಬಿಟ್ಟರೆ ಮತ್ತೆ ಅದೇ. ಎಂಆರ್‌ಐ ಮಾಡಿಸಿದೆ. ವರದಿಯಲ್ಲಿ ‘ಡಿಸ್ಕ್ ಉಬ್ಬಿದೆ’ ಅಂತ ಒಂದು ಸಾಲು ಇತ್ತು. ಡಿಸ್ಕ್ ಅಂದರೆ ಕುತ್ತಿಗೆಯ ಮೂಳೆಗಳ ನಡುವೆ ಇರುವ ಮೆತ್ತೆ. ಅದನ್ನು ಓದಿ ಹೆದರಿ, ಕತ್ತು ತಿರುಗಿಸುವುದನ್ನೇ ಬಿಟ್ಟೆ. ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಿಸುತ್ತಿದ್ದೆ. ನೋವು ಇನ್ನೂ ಜಾಸ್ತಿಯಾಯಿತು. ಆಮೇಲೆ ಗೊತ್ತಾದ ಸಂಗತಿ ಇದು: ಕುತ್ತಿಗೆಯ ತೊಂದರೆಯೇ ಇಲ್ಲದ 1,211 ಜನರ ಎಂಆರ್‌ಐ ಮಾಡಿ ನೋಡಿದ ಜಪಾನಿನ ಅಧ್ಯಯನವೊಂದು 2015ರಲ್ಲಿ ಪ್ರಕಟವಾಗಿದೆ. ಅವರಲ್ಲಿ ಶೇ. 87.6ರಷ್ಟು ಜನರಿಗೆ ಡಿಸ್ಕ್ ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೂ ಹೆಚ್ಚಿನವರಿಗೆ ಇತ್ತು. ಅಂದರೆ ವರದಿಯ ಆ ಸಾಲಿಗೂ ನಿಮ್ಮ ನೋವಿಗೂ ಸಂಬಂಧ ಇರಲೇಬೇಕು ಅಂತೇನಿಲ್ಲ. ಇದನ್ನು ಆ ದಿನವೇ ಯಾರಾದರೂ ನನಗೆ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ.

ನನಗೆ ಕೊನೆಗೆ ದಾರಿ ತೋರಿಸಿದವರು ಒಬ್ಬ ಫಿಸಿಯೋಥೆರಪಿಸ್ಟ್. ಅವರು ಮಸಾಜ್ ಮಾಡಲಿಲ್ಲ, ಕೈಗೆ ಒಂದು ಸಣ್ಣ ತೂಕ ಕೊಟ್ಟರು. ‘ನಿಮ್ಮ ಸ್ನಾಯು ಬಿಗಿದಿರೋದು ದಣಿದಿರೋದರಿಂದ. ಎಳೆದೆಳೆದು ಸಾಕಾಗಿದೆ, ಇನ್ನು ಅದಕ್ಕೆ ಶಕ್ತಿ ಕೊಡೋಣ’ ಅಂದರು. ಈ ಬರಹದ ತಿರುಳೂ ಅದೇ. ಶಾಖ, ಮಸಾಜ್, ಎಳೆತ (ಸ್ಟ್ರೆಚಿಂಗ್) ಇವೆಲ್ಲ ಕೆಲವು ಗಂಟೆಯ ಆರಾಮ ಕೊಡುತ್ತವೆ. ಆ ಆರಾಮದ ಹೊತ್ತಿನಲ್ಲಿ ಸ್ನಾಯುವಿಗೆ ಬಲ ತುಂಬಬೇಕು. ಉಳಿಯುವುದು ಆ ಬಲ.

ಮೊದಲು: ಇದು ಸ್ನಾಯು ನೋವೇ ಹೌದಾ?

ವ್ಯಾಯಾಮಕ್ಕೆ ಕೈ ಹಾಕುವ ಮುಂಚೆ ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಕುತ್ತಿಗೆ, ಭುಜದಲ್ಲಿ ಕಾಣಿಸಿಕೊಳ್ಳುವ ನೋವೆಲ್ಲ ಅಲ್ಲಿಯದೇ ಆಗಿರುವುದಿಲ್ಲ.

ಭುಜ, ತೋಳು ಅಥವಾ ದವಡೆಯ ನೋವಿನ ಜೊತೆ ಎದೆ ಹಿಂಡಿದ ಹಾಗಾದರೆ, ಬೆವರು ಬಂದರೆ, ಉಸಿರು ಕಟ್ಟಿದರೆ, ಅದು ಹೃದಯಾಘಾತ ಇರಬಹುದು. ಎಡಗಡೆಯೇ ಬರಬೇಕು ಅಂತಿಲ್ಲ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಎದೆನೋವು ಅಷ್ಟಾಗಿ ಇಲ್ಲದೆಯೂ ಬರಬಹುದು. ಒಂದು ನಿಮಿಷವೂ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ. ಜ್ವರ, ಜೋರು ತಲೆನೋವು, ಬೆಳಕು ನೋಡಲಾಗದಿರುವುದು, ಇವುಗಳ ಜೊತೆ ಕುತ್ತಿಗೆ ಸೆಟೆದುಕೊಂಡಿದ್ದರೆ ಮೆನಿಂಜೈಟಿಸ್, ಅಂದರೆ ಮಿದುಳಿನ ಹೊದಿಕೆಯ ಉರಿಯೂತ ಆಗಿರಬಹುದು. ಕುತ್ತಿಗೆಯ ಒಂದು ಪಕ್ಕ ಹಿಂದೆಂದೂ ಕಾಣದಂಥ ನೋವು ದಿಢೀರನೆ ಬಂದು, ತಲೆ ಸುತ್ತಿ, ಎರಡೆರಡಾಗಿ ಕಂಡು, ಮಾತು ತೊದಲಿದರೆ ಕುತ್ತಿಗೆಯ ರಕ್ತನಾಳ ಸೀಳಿರುವ ಸಾಧ್ಯತೆ ಇದೆ. ಬಿದ್ದ ಮೇಲೆ, ಅಪಘಾತದ ಮೇಲೆ ಬಂದ ಕುತ್ತಿಗೆ ನೋವಿನಲ್ಲಿ ಕತ್ತನ್ನು ಅಲುಗಾಡಿಸಬೇಡಿ. ಇವೆಲ್ಲ ಆಸ್ಪತ್ರೆಗೆ ಆಗಲೇ ಹೋಗಬೇಕಾದ ಸಂದರ್ಭಗಳು.

ಇನ್ನು ಕೆಲವು ನಿಧಾನವಾಗಿ ಬರುವಂಥವು. ಕೈಯಲ್ಲಿ ಹಿಡಿದ ಲೋಟ ಜಾರುತ್ತದೆ, ಅಂಗಿಯ ಗುಂಡಿ ಹಾಕಲು ತಡಕಾಡಬೇಕಾಗುತ್ತದೆ, ನಡೆಯುವಾಗ ಕಾಲು ತಡವರಿಸುತ್ತದೆ, ಮೂತ್ರ ಹಿಡಿತ ತಪ್ಪುತ್ತದೆ. ಇದು ಬೆನ್ನುಹುರಿ ಒತ್ತಿಹೋಗುತ್ತಿರುವ ಲಕ್ಷಣ. ಇಲ್ಲಿ ತಡಮಾಡಿದರೆ ಕಳೆದುಕೊಂಡದ್ದು ಪೂರ್ತಿ ವಾಪಸ್ ಬರದೇ ಹೋಗಬಹುದು. ಐವತ್ತು ದಾಟಿದವರಿಗೆ ಎರಡೂ ಭುಜ ಬೆಳಗ್ಗೆ ಮುಕ್ಕಾಲು ಗಂಟೆಗೂ ಹೆಚ್ಚು ಹೊತ್ತು ಸೆಟೆದುಕೊಂಡಿದ್ದರೆ ರಕ್ತ ಪರೀಕ್ಷೆ ಬೇಕು. ಅದರ ಜೊತೆ ನೆತ್ತಿ ಮುಟ್ಟಿದರೆ ನೋವು, ಅಗಿಯುವಾಗ ದವಡೆ ನೋವು, ಕಣ್ಣು ಮಂಜು ಇದ್ದರೆ ಅದೇ ದಿನ ತೋರಿಸಿ. ರಾತ್ರಿ ಮಲಗಿದರೂ ಬಿಡದ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ಇವುಗಳಲ್ಲಿ ಯಾವುದಿದ್ದರೂ ಮನೆಮದ್ದಿಗೆ ಕೂರಬೇಡಿ.

ಇವ್ಯಾವುವೂ ಇಲ್ಲ, ನೋವು ಒತ್ತಿದ ಕಡೆ ಹೆಚ್ಚಾಗುತ್ತದೆ, ಕತ್ತು ಹೊರಳಿಸುವ ರೀತಿ ಬದಲಾದರೆ ಏರಿಳಿಯುತ್ತದೆ, ಬಿಸಿ ಶಾಖಕ್ಕೆ ಸ್ವಲ್ಪ ಬಗ್ಗುತ್ತದೆ ಅಂದರೆ ಅದು ಸ್ನಾಯುವಿನದ್ದೇ ಆಗಿರುವ ಸಂಭವ ಹೆಚ್ಚು. ಮುಂದೆ ಹೋಗೋಣ.

ನೋವು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ

ಕೈಯಿಂದಲೇ ತಡವಿ ನೋಡಿ. ಕುತ್ತಿಗೆಯಿಂದ ಭುಜದ ತುದಿಯವರೆಗೆ ಇಳಿಜಾರಾಗಿ ಇರುವ ದಪ್ಪ ಸ್ನಾಯು ಟ್ರೆಪೀಜಿಯಸ್. ತಲೆಬುರುಡೆಯ ಹಿಂಬದಿಯಿಂದ ನಡುಬೆನ್ನಿನವರೆಗೆ ಗಾಳಿಪಟದ ಹಾಗೆ ಹರಡಿಕೊಂಡಿರುತ್ತದೆ. ಭುಜ ಎತ್ತಿಕೊಂಡೇ ಕೆಲಸ ಮಾಡುವವರಿಗೆ ಕಲ್ಲಿನಂತಾಗುವುದು ಇದರ ಮೇಲ್ಭಾಗ. ಅದರ ಅಡಿಯಲ್ಲಿ ಇನ್ನೊಂದು ಪಟ್ಟಿಯಂಥ ಸ್ನಾಯು ಇದೆ, ಲಿವೇಟರ್ ಸ್ಕ್ಯಾಪುಲೆ. ಕುತ್ತಿಗೆಯ ಮೇಲಿನ ನಾಲ್ಕು ಮೂಳೆಗಳಿಂದ ಹೊರಟು ಹೆಗಲ ಮೂಳೆಯ ಒಳ ಮೂಲೆಗೆ ಬಂದು ಸೇರುತ್ತದೆ. ಬೆಳಗ್ಗೆ ಎದ್ದಾಗ ಕತ್ತು ಒಂದು ಕಡೆ ತಿರುಗದ ಹಾಗೆ ಹಿಡಿದುಕೊಳ್ಳುತ್ತದಲ್ಲ, ಅಲ್ಲಿ ಹೆಚ್ಚಾಗಿ ಇದರ ಕೈವಾಡ ಇರುತ್ತದೆ. ತಲೆಬುರುಡೆಯ ಬುಡದಲ್ಲೇ ಇರುವ ಪುಟ್ಟ ಸ್ನಾಯುಗಳು ಬಿಗಿದರೆ ನೋವು ತಲೆಯ ಹಿಂದಿನಿಂದ ಹತ್ತಿ ಕಣ್ಣಿನ ಮೇಲೆ ಕೂರುತ್ತದೆ. ಜನ ಅದನ್ನು ಬರೀ ತಲೆನೋವು ಅಂದುಕೊಳ್ಳುತ್ತಾರೆ.

ಭುಜದ ಕೀಲಿನ ತೊಂದರೆ ಇದಕ್ಕಿಂತ ಬೇರೆ. ಅದನ್ನು ಕಂಡುಹಿಡಿಯಲು ಒಂದು ಸುಲಭದ ಪರೀಕ್ಷೆ ಇದೆ. ನಿಮ್ಮ ಕೈಯನ್ನು ಪೂರ್ತಿ ಸಡಿಲ ಬಿಟ್ಟು, ಮನೆಯವರಿಗೆ ನಿಧಾನವಾಗಿ ಎತ್ತಲು ಹೇಳಿ. ಅವರು ಎತ್ತಿದರೂ ಮೇಲಕ್ಕೆ ಹೋಗದಿದ್ದರೆ, ಮೊಣಕೈ ಪಕ್ಕೆಗೆ ಒತ್ತಿಕೊಂಡು ಮುಂಗೈಯನ್ನು ಹೊರಗೆ ತಿರುಗಿಸಲೂ ಆಗದಿದ್ದರೆ, ಅದು ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲು ಸೆಟೆದುಕೊಳ್ಳುವ ತೊಂದರೆ ಇರಬಹುದು. 40ರಿಂದ 60 ವಯಸ್ಸಿನವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಜಾಸ್ತಿ. ಹೆಚ್ಚಿನವರಿಗೆ ಆಪರೇಷನ್ ಇಲ್ಲದೆಯೇ ಬಿಡುತ್ತದೆ. ಆದರೆ ಒಂದರಿಂದ ಮೂರು ವರ್ಷ ಹಿಡಿಯಬಹುದು. ಕೈಯನ್ನು ಪಕ್ಕದಿಂದ ಎತ್ತುವಾಗ ನಡುದಾರಿಯಲ್ಲಿ ಮಾತ್ರ ತೋಳಿನ ಹೊರಬದಿ ಚುಚ್ಚಿದರೆ ಭುಜದ ಕೀಲನ್ನು ಹಿಡಿದಿಡುವ ನಾಲ್ಕು ಸ್ನಾಯುಗಳ, ಅಂದರೆ ರೊಟೇಟರ್ ಕಫ್‌ನ ತೊಂದರೆ ಇರಬಹುದು. ಇವೆರಡಕ್ಕೂ ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ತೋರಿಸಿ ಶುರುಮಾಡುವುದು ಒಳ್ಳೆಯದು.

ಸ್ನಾಯು ಯಾಕೆ ಹೀಗೆ ಬಿಗಿಯುತ್ತದೆ? ನಮ್ಮ ತಲೆಯ ತೂಕ ಸುಮಾರು 5 ಕಿಲೋ. ನೆಟ್ಟಗಿದ್ದಾಗ ಮೂಳೆಗಳೇ ಅದನ್ನು ಹೊರುತ್ತವೆ. ಬಗ್ಗಿದಷ್ಟೂ ಹಿಂಬದಿಯ ಸ್ನಾಯು ಎಳೆದು ಹಿಡಿಯಬೇಕು. 2014ರಲ್ಲಿ ಕಂಪ್ಯೂಟರ್ ಮಾದರಿಯಲ್ಲಿ ಮಾಡಿದ ಒಂದು ಲೆಕ್ಕದ ಪ್ರಕಾರ ತಲೆ 60 ಡಿಗ್ರಿ ಬಗ್ಗಿದಾಗ ಕುತ್ತಿಗೆಯ ಮೇಲೆ ಸುಮಾರು 27 ಕಿಲೋ ಭಾರ ಬೀಳುತ್ತದೆ. ಆದರೆ ನನ್ನ ಅನುಭವದಲ್ಲಿ ಭಾರಕ್ಕಿಂತ ಹೊತ್ತೇ ಮುಖ್ಯ. ಸ್ನಾಯುವಿನಲ್ಲಿ ಕೆಲವು ಸಣ್ಣ ಎಳೆಗಳು ಕೆಲಸಕ್ಕೆ ಮೊದಲು ಏಳುತ್ತವೆ, ಕೊನೆಗೆ ಮಲಗುತ್ತವೆ. ನೀವು ಮೂರು ಗಂಟೆ ಮೌಸ್ ಹಿಡಿದು ಕೂತರೆ ಅವು ಮೂರು ಗಂಟೆಯೂ ಒಂದು ಕ್ಷಣ ಬಿಡುವಿಲ್ಲದೆ ದುಡಿಯುತ್ತವೆ. ಕೆಲಸ ಹಗುರವೇ, ಆದರೆ ಬಿಡುವಿಲ್ಲ. ನೋಯುವುದು ಅದಕ್ಕೇ.

ಕತ್ತು ಹಿಡಿದುಕೊಂಡ ಮೊದಲ ಎರಡು ಮೂರು ದಿನ

ಈ ದಿನಗಳಲ್ಲಿ ನೋವನ್ನು ಗೆಲ್ಲಲು ಹೋಗಬೇಡಿ. ಹಾಗಂತ ಹಾಸಿಗೆಗೂ ಅಂಟಿಕೊಳ್ಳಬೇಡಿ.

ಏಟು, ಉಳುಕಿನಿಂದ ಶುರುವಾಗಿದ್ದರೆ ಮೊದಲ 48 ಗಂಟೆ ತಣ್ಣನೆಯ ಶಾಖ. ಐಸನ್ನು ಬಟ್ಟೆಯಲ್ಲಿ ಸುತ್ತಿ 10–15 ನಿಮಿಷ ಇಡಿ. ಸುಮ್ನೆ ಬಿಗಿದುಕೊಂಡದ್ದಾದರೆ ಬಿಸಿ ಶಾಖವೇ ಹೆಚ್ಚು ಹಿತ. ಬಿಸಿನೀರಿನ ಚೀಲ ಅಥವಾ ಬಿಸಿ ನೀರಲ್ಲಿ ಅದ್ದಿ ಹಿಂಡಿದ ಟವೆಲ್, 15–20 ನಿಮಿಷ, ದಿನಕ್ಕೆ ಮೂರು ಸಲ. ಚರ್ಮದ ಸ್ಪರ್ಶಜ್ಞಾನ ಕಡಿಮೆ ಇರುವವರು, ಬಹಳ ವರ್ಷದಿಂದ ಸಕ್ಕರೆ ಕಾಯಿಲೆ ಇರುವವರು ಬಿಸಿಯನ್ನು ಇನ್ನೊಬ್ಬರ ಕೈಯಲ್ಲಿ ಮುಟ್ಟಿಸಿ ನೋಡಿಯೇ ಇಟ್ಟುಕೊಳ್ಳಬೇಕು. ಸುಟ್ಟದ್ದು ಗೊತ್ತೇ ಆಗುವುದಿಲ್ಲ.

ಶಾಖ ಕೊಟ್ಟ ತಕ್ಷಣ, ಸ್ನಾಯು ಸಡಿಲ ಇರುವಾಗಲೇ ಕತ್ತನ್ನು ಅಲುಗಿಸಿ. ಅಂಗಾತ ಮಲಗಿಯೇ ಮಾಡಬಹುದು. ತಲೆ ದಿಂಬಿನ ಮೇಲೇ ಇರಲಿ. ಎಡಕ್ಕೆ ಎಷ್ಟು ಸುಲಭವಾಗಿ ಹೊರಳುತ್ತದೋ ಅಷ್ಟು, ಆಮೇಲೆ ಬಲಕ್ಕೆ. ನೋವು ಶುರುವಾಗುವ ಗಡಿಯಲ್ಲಿ ನಿಲ್ಲಿಸಿ, ಉಸಿರು ಬಿಡಿ, ವಾಪಸ್ ಬನ್ನಿ. ಹತ್ತು ಸಲ. ಎರಡು ಮೂರು ಗಂಟೆಗೊಮ್ಮೆ. ಮೊದಲ ದಿನ ಒಂದು ಅಂಗುಲ ಹೊರಳಿದರೂ ಸಾಕು.

ಕುತ್ತಿಗೆಗೆ ಕಾಲರ್ ಹಾಕಿಕೊಳ್ಳಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಸ್ನಾಯು ನೋವಿಗೆ ಬೇಡ. ತೀರಾ ಸಹಿಸಲಾಗದಿದ್ದರೆ ಒಂದೆರಡು ದಿನ, ಅದೂ ಸ್ವಲ್ಪ ಹೊತ್ತು. ವಾರಗಟ್ಟಲೆ ಹಾಕಿದರೆ ಸ್ನಾಯು ಕೆಲಸ ಮರೆತು ಇನ್ನಷ್ಟು ಬಡವಾಗುತ್ತದೆ.

ಇನ್ನೊಂದನ್ನು ಒತ್ತಿ ಹೇಳುತ್ತೇನೆ. ಯಾರೇ ಆಗಲಿ ನಿಮ್ಮ ತಲೆ ಹಿಡಿದು ‘ಲಟಕ್’ ಅಂತ ತಿರುಗಿಸಿ ಲಟಿಕೆ ಮುರಿಯಲು ಬಿಡಬೇಡಿ. ಮಿದುಳಿಗೆ ಹೋಗುವ ಎರಡು ರಕ್ತನಾಳಗಳು ಕುತ್ತಿಗೆಯ ಮೂಳೆಗಳ ಪಕ್ಕದ ತೂತುಗಳ ಮೂಲಕವೇ ಹಾದುಹೋಗುತ್ತವೆ. ಜೋರಾದ ಜಗ್ಗಾಟದಲ್ಲಿ ಅವು ಸೀಳಿ ಪಾರ್ಶ್ವವಾಯು ಆದದ್ದುಂಟು. ಅಪರೂಪ ನಿಜ. ಆದರೆ ಐದು ನಿಮಿಷದ ಹಿತಕ್ಕೆ ಅಂಥ ಅಪಾಯ ಯಾಕೆ?

ಬಿಗಿ ಬಿಡಿಸುವ ಎಳೆತಗಳು

ತೀವ್ರ ನೋವು ಇಳಿದ ಮೇಲೆ ಇವನ್ನು ಶುರುಮಾಡಿ. ನೋವು ಬಲಗಡೆ ಇದೆ ಅಂತ ಇಟ್ಟುಕೊಂಡು ಬರೆಯುತ್ತೇನೆ. ಎಡಗಡೆ ಇದ್ದರೆ ತಿರುಗಿಸಿ ಓದಿಕೊಳ್ಳಿ.

ಕುರ್ಚಿಯಲ್ಲಿ ನೆಟ್ಟಗೆ ಕೂತು ಬಲಗೈಯಿಂದ ಕುರ್ಚಿಯ ಅಂಚು ಹಿಡಿದುಕೊಳ್ಳಿ. ಹೀಗೆ ಮಾಡಿದರೆ ಭುಜ ಮೇಲೆ ಏಳುವುದಿಲ್ಲ. ಈಗ ಎಡ ಕಿವಿಯನ್ನು ಎಡ ಭುಜದ ಕಡೆ ಬಾಗಿಸಿ. ಬಲಗಡೆಯ ಇಳಿಜಾರು ಎಳೆದ ಹಾಗಾಗುತ್ತದೆ. ಅದು ಟ್ರೆಪೀಜಿಯಸ್. 20–30 ಸೆಕೆಂಡ್ ನಿಲ್ಲಿ. ಎಡಗೈಯನ್ನು ತಲೆಯ ಮೇಲೆ ಇಟ್ಟುಕೊಳ್ಳಬಹುದು, ಕೈಯ ಭಾರವೇ ಸಾಕು, ಜಗ್ಗಬಾರದು.

ಹೆಗಲ ಮೂಳೆಯ ಮೂಲೆಯ ಗಂಟಿಗೆ ಇದರಲ್ಲೇ ಸಣ್ಣ ಬದಲಾವಣೆ. ಮುಖವನ್ನು ಎಡಕ್ಕೆ ಅರ್ಧ ತಿರುಗಿಸಿ, ನಿಮ್ಮ ಎಡ ಕಂಕುಳನ್ನು ನೋಡುವ ಹಾಗೆ ತಲೆ ಬಗ್ಗಿಸಿ. ಬಲಗಡೆ ಹಿಂಭಾಗದಲ್ಲಿ, ಸರಿಯಾಗಿ ಆ ಗಂಟಿನ ಜಾಗದಲ್ಲೇ ಎಳೆತ ಸಿಗುತ್ತದೆ. ಮೊದಲ ಸಲ ಇದು ಸಿಕ್ಕಾಗ ನನಗೆ ಕಣ್ಣಲ್ಲಿ ನೀರು ಬಂದಿತ್ತು. ಎರಡೂ ಎಳೆತ ಮೂರು ಮೂರು ಸಲ, ದಿನಕ್ಕೆ ಎರಡು ಹೊತ್ತು.

ಹಿಂಬದಿಯನ್ನು ಮಾತ್ರ ಎಳೆದರೆ ಅರ್ಧ ಕೆಲಸ. ಎದೆಯ ಸ್ನಾಯು ಗಿಡ್ಡವಾಗಿ ಭುಜವನ್ನು ಮುಂದಕ್ಕೆ ಎಳೆದಿರುತ್ತದೆ. ಬಾಗಿಲಿನ ಚೌಕಟ್ಟಿಗೆ ಮುಂಗೈ ಒತ್ತಿ, ಮೊಣಕೈ ಭುಜದ ಮಟ್ಟಕ್ಕೆ ಇಟ್ಟು, ಒಂದು ಹೆಜ್ಜೆ ಮುಂದೆ ಹೋಗಿ ನಿಲ್ಲಿ. ಎದೆ ಬಿಚ್ಚಿಕೊಳ್ಳುತ್ತದೆ. ಅರ್ಧ ನಿಮಿಷ ಸಾಕು. ಭುಜದ ಮುಂಭಾಗದ ಕೀಲಿನಲ್ಲೇ ಚುಚ್ಚಿದರೆ ಮೊಣಕೈಯನ್ನು ಸ್ವಲ್ಪ ಕೆಳಗೆ ಇಳಿಸಿ.

ಗಂಟು ಕರಗಿಸಲು ಒಂದು ಟೆನ್ನಿಸ್ ಚೆಂಡು ಸಾಕು. ಗೋಡೆಗೂ ಬೆನ್ನಿಗೂ ನಡುವೆ ಚೆಂಡು ಇಟ್ಟು ಗಂಟಿನ ಮೇಲೆ ಬರುವ ಹಾಗೆ ಒರಗಿ. ಹತ್ತಕ್ಕೆ ಐದರಷ್ಟು ನೋವಾಗುವಷ್ಟು ಒತ್ತಡ ಇರಲಿ. ಒಂದು ನಿಮಿಷದಲ್ಲಿ ಆ ನೋವು ತಾನಾಗಿಯೇ ಇಳಿಯುತ್ತದೆ. ಇಳಿಯದೆ ಏರುತ್ತಾ ಹೋದರೆ ಬಿಟ್ಟುಬಿಡಿ. ಬೆನ್ನೆಲುಬಿನ ಮೇಲೆ ಚೆಂಡು ಇಡಬಾರದು. ಕುತ್ತಿಗೆಯ ಮುಂಭಾಗವನ್ನು, ಪಕ್ಕದಲ್ಲಿ ನಾಡಿ ಬಡಿಯುವ ಜಾಗವನ್ನು ಯಾವತ್ತೂ ಒತ್ತಬಾರದು.

ಬಲ ತುಂಬುವುದು

ನಿಜವಾದ ಚಿಕಿತ್ಸೆ ಶುರುವಾಗುವುದು ಇಲ್ಲಿ. ದುಃಖದ ವಿಷಯ ಅಂದರೆ ಹೆಚ್ಚಿನವರು ನೋವು ಸ್ವಲ್ಪ ಇಳಿದ ಕೂಡಲೇ ಇಲ್ಲಿಗೆ ಬರುವ ಮುಂಚೆಯೇ ನಿಲ್ಲಿಸಿಬಿಡುತ್ತಾರೆ. ಒಂದು ತಿಂಗಳಲ್ಲಿ ಮತ್ತೆ ಅದೇ ನೋವು.

ಫಿನ್ಲೆಂಡಿನಲ್ಲಿ ಬಹಳ ದಿನದಿಂದ ಕುತ್ತಿಗೆ ನೋವಿದ್ದ 180 ಕಚೇರಿ ಕೆಲಸದ ಹೆಂಗಸರನ್ನು ಒಂದು ವರ್ಷ ಗಮನಿಸಿದರು. ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಒಂದು ಗುಂಪು ಎಳೆತ ಮತ್ತು ಓಡಾಟದ ವ್ಯಾಯಾಮ ಮಾತ್ರ ಮಾಡಿತು. ಉಳಿದ ಎರಡು ಗುಂಪು ಕುತ್ತಿಗೆ, ಭುಜಕ್ಕೆ ಬಲದ ವ್ಯಾಯಾಮವನ್ನೂ ಮಾಡಿದವು. ವರ್ಷದ ಕೊನೆಗೆ ಬಲದ ಗುಂಪುಗಳ ನೋವು ಸ್ಪಷ್ಟವಾಗಿ ಹೆಚ್ಚು ಇಳಿದಿತ್ತು. ಡೆನ್ಮಾರ್ಕಿನಲ್ಲಿ 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನನಗೆ ಇನ್ನೂ ಇಷ್ಟ. ಅಲ್ಲಿ 198 ಜನರಲ್ಲಿ ಕೆಲವರು ರಬ್ಬರ್ ಬ್ಯಾಂಡ್ ಹಿಡಿದು ಕೈಯನ್ನು ಪಕ್ಕಕ್ಕೆ ಎತ್ತುವ ಒಂದೇ ಒಂದು ವ್ಯಾಯಾಮವನ್ನು ದಿನಕ್ಕೆ ಎರಡು ನಿಮಿಷ, ವಾರಕ್ಕೆ ಐದು ದಿನ, ಹತ್ತು ವಾರ ಮಾಡಿದರು. ಇನ್ನು ಕೆಲವರು ದಿನಕ್ಕೆ 12 ನಿಮಿಷ ಮಾಡಿದರು. ಇಬ್ಬರಿಗೂ ನೋವು ಇಳಿಯಿತು. ದಿನಕ್ಕೆ ಎರಡು ನಿಮಿಷ! ಟೈಮ್ ಇಲ್ಲ ಅನ್ನುವವರಿಗೆ ನಾನು ಯಾವಾಗಲೂ ಹೇಳುವುದು ಇದನ್ನೇ.

ಆ ವ್ಯಾಯಾಮ ಹೀಗೆ. ಬ್ಯಾಂಡಿನ ನಡುಭಾಗವನ್ನು ಕಾಲಡಿ ಮೆಟ್ಟಿ, ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿಯಿರಿ. ಬ್ಯಾಂಡ್ ಇಲ್ಲದಿದ್ದರೆ ನೀರಿನ ಬಾಟಲಿ ಆಗುತ್ತದೆ. ಒಂದು ಲೀಟರ್ ಅಂದರೆ ಒಂದು ಕಿಲೋ. ಅರ್ಧ ಲೀಟರಿನಿಂದ ಶುರುಮಾಡಿ. ಮೊಣಕೈ ಸ್ವಲ್ಪ ಬಗ್ಗಿರಲಿ. ಕೈಗಳನ್ನು ಪಕ್ಕದಿಂದ, ಕೊಂಚ ಮುಂದಕ್ಕೆ ಓರೆಯಾಗಿ, ಭುಜದ ಮಟ್ಟದವರೆಗೆ ಎತ್ತಿ. ಅದಕ್ಕಿಂತ ಮೇಲೆ ಬೇಡ. ಎತ್ತಲು ಎರಡು ಎಣಿಕೆ, ಇಳಿಸಲು ಮೂರು ಎಣಿಕೆ. ಭುಜ ಕಿವಿಯ ಕಡೆ ಏರದಿರಲಿ. ಎರಡು ನಿಮಿಷ ಪೂರ್ತಿ ಆಗದಿದ್ದರೆ ಆದಷ್ಟು ಮಾಡಿ.

ಎರಡನೆಯದು ಕುತ್ತಿಗೆಯ ಒಳಗಿನ, ಮುಂಬದಿಯ ಸ್ನಾಯುಗಳಿಗೆ. ಇವು ಸೋತಾಗ ಹಿಂಬದಿಯವು ಇವುಗಳ ಕೆಲಸವನ್ನೂ ಹೊರುತ್ತವೆ. ಅಂಗಾತ ಮಲಗಿ, ತಲೆ ಎತ್ತದೆ, ‘ಹೌದು’ ಅನ್ನುವ ಹಾಗೆ ಗದ್ದವನ್ನು ಸಣ್ಣಗೆ ಗಂಟಲ ಕಡೆ ತನ್ನಿ. ಕುತ್ತಿಗೆಯ ಹಿಂಭಾಗ ಉದ್ದವಾದ ಹಾಗೆ ಅನ್ನಿಸಬೇಕು. ಐದರಿಂದ ಹತ್ತು ಸೆಕೆಂಡ್ ಹಿಡಿದು ಬಿಡಿ. ಹತ್ತು ಸಲ. ಕುತ್ತಿಗೆಯ ಮುಂದಿನ ದಪ್ಪ ಹುರಿಗಳು ಉಬ್ಬಿ ನಿಂತರೆ ನೀವು ಜಾಸ್ತಿ ಬಲ ಹಾಕುತ್ತಿದ್ದೀರಿ ಅಂತ ಅರ್ಥ. ಕೂತಿದ್ದಾಗಲೂ ಗದ್ದವನ್ನು ನೇರ ಹಿಂದಕ್ಕೆ ಸರಿಸಿ ಇದನ್ನು ಮಾಡಬಹುದು.

ಮೂರನೆಯದು ಹೆಗಲ ಮೂಳೆಗಳ ನಡುವಿನ ಸ್ನಾಯುಗಳಿಗೆ. ಬ್ಯಾಂಡನ್ನು ಗಟ್ಟಿಯಾದ ಬಾಗಿಲ ಹಿಡಿಗೆ ಸಿಕ್ಕಿಸಿ, ಎರಡೂ ಮೊಣಕೈಯನ್ನು ಪಕ್ಕೆಗೆ ಸವರುವ ಹಾಗೆ ಹಿಂದಕ್ಕೆ ಎಳೆಯಿರಿ. ಹೆಗಲ ಮೂಳೆಗಳು ಒಂದಕ್ಕೊಂದು ಹತ್ತಿರ ಬರಬೇಕು. 10–12 ಸಲ, ಮೂರು ಸುತ್ತು. ಅದರ ಜೊತೆಗೆ ಗೋಡೆಗೆ ಪುಷ್ ಅಪ್. ಎರಡು ವಾರದ ನಂತರ ಎರಡೂ ಕೈಯಲ್ಲಿ ತೂಕ ಹಿಡಿದು ಭುಜವನ್ನು ನೇರ ಮೇಲಕ್ಕೆ ಎತ್ತಿ ನಿಧಾನಕ್ಕೆ ಇಳಿಸುವುದನ್ನೂ ಸೇರಿಸಿ. ನೋಯುವ ಸ್ನಾಯುವಿಗೇ ಕೆಲಸ ಕೊಡುವುದಾ ಅಂತ ಭಯವಾಗುತ್ತದೆ, ಅಲ್ವಾ? ನನಗೂ ಆಗಿತ್ತು. ಆದರೆ ಎತ್ತಿ, ಇಳಿಸಿ, ಪೂರ್ತಿ ಸಡಿಲ ಬಿಡುವ ಕೆಲಸಕ್ಕೂ, ದಿನವಿಡೀ ಅರ್ಧ ಬಿಗಿದುಕೊಂಡೇ ಇರುವುದಕ್ಕೂ ಬಹಳ ವ್ಯತ್ಯಾಸ ಇದೆ. ಎತ್ತಿ ಇಳಿಸುವಾಗ ರಕ್ತ ಓಡಾಡುತ್ತದೆ.

ಎಷ್ಟು ನೋವು ಸರಿ? ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಮೂರು ನಾಲ್ಕರವರೆಗೆ ಪರವಾಗಿಲ್ಲ. ಮರುದಿನ ಬೆಳಗ್ಗೆಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ತೂಕ ಕಡಿಮೆ ಮಾಡಿ, ವ್ಯಾಯಾಮ ಬಿಡಬೇಡಿ. ಕೈಗೆ ಜೋಮು ಇಳಿಯಲು ಶುರುವಾದರೆ ಮಾತ್ರ ನಿಲ್ಲಿಸಿ ತೋರಿಸಿ. ವ್ಯತ್ಯಾಸ ಗೊತ್ತಾಗಲು ನಾಲ್ಕರಿಂದ ಆರು ವಾರ ಬೇಕು. ನನಗೆ ಐದನೇ ವಾರದಲ್ಲಿ ಒಂದು ಸಂಜೆ, ಇಡೀ ದಿನ ಭುಜದ ಕಡೆ ಕೈ ಹೋಗಿಲ್ಲ ಅಂತ ಥಟ್ಟನೆ ಹೊಳೆಯಿತು.

ಕೆಲಸದ ಜಾಗ, ಫೋನು

ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ, ಒಂದು ಕೈಯಳತೆ ದೂರದಲ್ಲಿ ಇರಲಿ. ಎರಡು ಪವರಿನ ಕನ್ನಡಕ ಹಾಕುವವರು ಮಾತ್ರ ಇನ್ನೂ ಸ್ವಲ್ಪ ಕೆಳಗೆ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಕೆಳಗಿನ ಗಾಜಿನಿಂದ ನೋಡಲು ದಿನವಿಡೀ ಗದ್ದ ಎತ್ತಿಕೊಂಡಿರುತ್ತಾರೆ. ಲ್ಯಾಪ್‌ಟಾಪ್ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಟ್ಟು, ಬೇರೆ ಕೀಬೋರ್ಡ್, ಮೌಸ್ ಬಳಸಿ. ಮೊಣಕೈಗೆ ಆಸರೆ ಬೇಕೇ ಬೇಕು. ಕೈಗಳು ಗಾಳಿಯಲ್ಲಿ ತೂಗುತ್ತಿದ್ದರೆ ಆ ಭಾರವೆಲ್ಲ ಟ್ರೆಪೀಜಿಯಸ್ ಮೇಲೇ. ಮೌಸ್ ದೂರ ಇದ್ದರೂ ಹಾಗೇ. ಒಂದು ಕಡೆ ಮಾತ್ರ ನೋವಿರುವವರು ಮೊದಲು ಮೌಸನ್ನು ಹತ್ತಿರ ತಂದು ನೋಡಿ.

ಆದರೆ ಎಷ್ಟು ಒಳ್ಳೆಯ ಕುರ್ಚಿಯಾದರೂ ಒಂದೇ ಭಂಗಿಯಲ್ಲಿ ಎರಡು ಗಂಟೆ ಕೂತರೆ ನೋಯುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ಅರ್ಧ ನಿಮಿಷ ಭುಜ ತಿರುಗಿಸಿ ಕೂರಿ. ಫೋನನ್ನು ಮುಖದ ಕಡೆ ಎತ್ತಿ, ಮೊಣಕೈಗೆ ಇನ್ನೊಂದು ಕೈಯ ಆಸರೆ ಕೊಡಿ. ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡು ಮಾತಾಡುವ ಅಭ್ಯಾಸವನ್ನು ಇವತ್ತೇ ಬಿಡಿ. ಬ್ಯಾಗನ್ನು ಎರಡೂ ಹೆಗಲಿಗೆ ಹಾಕಿ.

ಮಲಗುವುದು

ಮಗ್ಗುಲಾಗಿ ಮಲಗುವವರಿಗೆ ದಿಂಬಿನ ಎತ್ತರ ಅಂದರೆ ಕಿವಿಯಿಂದ ಭುಜದ ತುದಿಯವರೆಗಿನ ಅಂತರ. ಮೂಗು ಎದೆಯ ನಡುವಿನ ಗೆರೆಗೆ ನೇರ ಬಂದರೆ ಎತ್ತರ ಸರಿ ಇದೆ ಅಂತ. ಅಂಗಾತ ಮಲಗುವವರಿಗೆ ತೆಳ್ಳನೆಯ ದಿಂಬು, ಕುತ್ತಿಗೆಯ ಕುಳಿಯಲ್ಲಿ ಸುತ್ತಿದ ಸಣ್ಣ ಟವೆಲ್. ಬೋರಲು ಮಲಗಿದರೆ ಉಸಿರಾಡಲು ಇಡೀ ರಾತ್ರಿ ಕತ್ತು ತಿರುಚಿಕೊಂಡೇ ಇರಬೇಕು, ಅದನ್ನು ಹೇಗಾದರೂ ಬಿಡಿಸಿಕೊಳ್ಳಿ. ಭುಜ ನೋಯುವವರು ಆರೋಗ್ಯವಾಗಿರುವ ಮಗ್ಗುಲಿಗೆ ಮಲಗಿ, ನೋಯುವ ಕೈಯ ಕೆಳಗೆ ಇನ್ನೊಂದು ದಿಂಬನ್ನು ಅಪ್ಪಿಕೊಳ್ಳಿ. ಕೈ ಮುಂದಕ್ಕೆ ಜೋತುಬೀಳದಿದ್ದರೆ ರಾತ್ರಿ ಎಚ್ಚರವಾಗುವುದು ಕಡಿಮೆಯಾಗುತ್ತದೆ.

ಮಲಗುವ ಮುಂಚೆ ಐದು ನಿಮಿಷ ಹೊಟ್ಟೆಯಿಂದ ಉಸಿರಾಡಿ. ಆತಂಕ ಇದ್ದಾಗ ನಾವು ಎದೆಯ ಮೇಲ್ಭಾಗದಿಂದ ಉಸಿರು ಎಳೆಯುತ್ತೇವೆ, ಪ್ರತಿ ಉಸಿರಿಗೂ ಕುತ್ತಿಗೆಯ ಪಕ್ಕದ ಸ್ನಾಯುಗಳು ಪಕ್ಕೆಲುಬನ್ನು ಎತ್ತುತ್ತವೆ. ಹಲ್ಲು ಕಚ್ಚಿಕೊಂಡಿದ್ದೀರಾ ಅಂತಲೂ ಗಮನಿಸಿ. ತುಟಿ ಮುಚ್ಚಿರಲಿ, ಹಲ್ಲುಗಳು ಬಿಟ್ಟಿರಲಿ.

ಔಷಧಿ, ಡಾಕ್ಟರ ಬಳಿ ಇರುವ ದಾರಿಗಳು

ಮಾತ್ರೆ ತಪ್ಪಲ್ಲ. ನೋವು ಇಳಿದರೆ ಅಲುಗಾಡಲು ಧೈರ್ಯ ಬರುತ್ತದೆ. ಭುಜ, ಕುತ್ತಿಗೆಗೆ ಡೈಕ್ಲೋಫೆನಾಕ್ ಜೆಲ್ ಹಚ್ಚಿ ನೋಡಬಹುದು. ಪ್ಯಾರಸಿಟಮಾಲ್ ಆದರೆ ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 4 ಗ್ರಾಂ ದಾಟಲೇಬಾರದು. ಲಿವರ್ ತೊಂದರೆ ಇರುವವರಿಗೆ, ಮದ್ಯ ಕುಡಿಯುವವರಿಗೆ, ತೂಕ ಕಡಿಮೆ ಇರುವವರಿಗೆ ಮಿತಿ ಅದಕ್ಕಿಂತ ಕಡಿಮೆ. ಐಬುಪ್ರೊಫೇನ್ ಥರದ ಮಾತ್ರೆಗಳನ್ನು ಹೊಟ್ಟೆಯ ಹುಣ್ಣು, ಕಿಡ್ನಿ ಅಥವಾ ಹೃದಯದ ಕಾಯಿಲೆ ಇರುವವರು, ರಕ್ತ ತೆಳು ಮಾಡುವ ಔಷಧಿ ತೆಗೆದುಕೊಳ್ಳುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ನುಂಗಬಾರದು. ಸ್ನಾಯು ಸಡಿಲಿಸುವ ಮಾತ್ರೆ ನಿದ್ದೆ ಬರಿಸುತ್ತದೆ, ಅದನ್ನು ನುಂಗಿ ಗಾಡಿ ಓಡಿಸಬೇಡಿ.

ಹೀಗೆಲ್ಲ ಮಾಡಿಯೂ ಆರು ವಾರದಲ್ಲಿ ಏನೂ ಬದಲಾಗದಿದ್ದರೆ ಫಿಸಿಯೋಥೆರಪಿಸ್ಟ್ ಅಥವಾ ಡಾಕ್ಟರ ಹತ್ತಿರ ಹೋಗಿ. ಆಪರೇಷನ್‌ಗೆ ಮುಂಚೆ ಅವರ ಬಳಿ ಬಹಳ ಉಪಾಯಗಳಿವೆ. ಕೈಯಿಂದ ಮಾಡುವ ಚಿಕಿತ್ಸೆ ಇದೆ, ಗಂಟಿಗೆ ತೆಳ್ಳನೆಯ ಒಣ ಸೂಜಿ ಚುಚ್ಚುವ ಡ್ರೈ ನೀಡ್ಲಿಂಗ್ ಇದೆ, ಗಂಟಿಗೇ ಕೊಡುವ ಇಂಜೆಕ್ಷನ್ ಇದೆ. ಈ ಇಂಜೆಕ್ಷನ್ ಹೊಸದೇನಲ್ಲ. 1961ರಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿ ಅವರ ವೈದ್ಯೆಯಾದ ಜಾನೆಟ್ ಟ್ರಾವೆಲ್, ಅವರ ಬೆನ್ನುನೋವಿಗೆ ಸ್ನಾಯುವಿನೊಳಗೆ ಇಂಥದ್ದೇ ಇಂಜೆಕ್ಷನ್ ಕೊಡುತ್ತಿದ್ದರು. ಸ್ನಾಯುಗಂಟಿನ ನೋವನ್ನು ವೈದ್ಯರು ಗಂಭೀರವಾಗಿ ತೆಗೆದುಕೊಳ್ಳುವಂತೆ ಮಾಡಿದವರಲ್ಲಿ ಅವರು ಪ್ರಮುಖರು. ಫ್ರೋಜನ್ ಶೋಲ್ಡರ್‌ಗೆ, ಅದರಲ್ಲೂ ಶುರುವಿನ ನೋವಿನ ಹಂತದಲ್ಲಿ ಕೀಲಿನೊಳಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ನೋವು ಇಳಿಸುತ್ತದೆ. ಆದರೆ ಸಕ್ಕರೆ ಕಾಯಿಲೆ ಇದ್ದರೆ ಕೆಲವು ದಿನ ಸಕ್ಕರೆ ಏರುತ್ತದೆ, ಮೊದಲೇ ತಿಳಿಸಿ.

ಯಾರಾದರೂ ಆಪರೇಷನ್ ಅಂದರೆ ನೇರವಾಗಿ ಕೇಳಿ: ‘ಯಾವ ನರ ಒತ್ತಿಹೋಗಿದೆ? ಕೈಯ ಬಲ ಕಡಿಮೆಯಾಗುತ್ತಿದೆಯಾ? ಆರು ವಾರ ವ್ಯಾಯಾಮ ಮಾಡಿ ನೋಡಿದರೆ ಅಪಾಯ ಇದೆಯಾ?’ ಇದಕ್ಕೆ ಸ್ಪಷ್ಟ ಉತ್ತರ ಸಿಗದಿದ್ದರೆ ಇನ್ನೊಬ್ಬ ಡಾಕ್ಟರನ್ನು ಕೇಳುವುದು ನಿಮ್ಮ ಹಕ್ಕು.

ನೋವು ಮತ್ತೆ ಬಂದಾಗ

ಬರುತ್ತದೆ. ನಿದ್ದೆ ಕೆಟ್ಟ ವಾರ, ಕೆಲಸ ಹೆಚ್ಚಾದ ವಾರ, ದೂರದ ಪ್ರಯಾಣದ ಮರುದಿನ. ಆಗ ‘ಎಲ್ಲ ವ್ಯರ್ಥವಾಯಿತು’ ಅಂದುಕೊಂಡು ಬಿಟ್ಟುಬಿಡಬೇಡಿ. ಎರಡು ದಿನ ಶಾಖ ಮತ್ತು ಮಲಗಿ ಮಾಡುವ ಹೊರಳಾಟಕ್ಕೆ ವಾಪಸ್ ಹೋಗಿ. ಮೂರನೇ ದಿನ ಅರ್ಧ ತೂಕದಲ್ಲಿ ಬಲದ ವ್ಯಾಯಾಮ ಶುರುಮಾಡಿ. ಒಂದು ವಾರದಲ್ಲಿ ಹಳೆಯ ತೂಕಕ್ಕೆ ಬನ್ನಿ. ಯಾವ ದಿನ ಎಷ್ಟು ಎತ್ತಿದಿರಿ ಅಂತ ಒಂದು ಚೀಟಿಯಲ್ಲಿ ಬರೆದು ಬಾಟಲಿಗಳ ಪಕ್ಕದಲ್ಲೇ ಇಟ್ಟುಕೊಳ್ಳಿ. ನೋವು ಮರುಕಳಿಸಿದ ದಿನ ಅದನ್ನು ತೆಗೆದು ನೋಡಿದರೆ, ಎಲ್ಲಿಂದ ಮತ್ತೆ ಶುರುಮಾಡಬೇಕು ಅಂತ ಗೊತ್ತಾಗುತ್ತದೆ.